ಅರೇಯ ಅಳತೆ ಟೈಪ್‌ನ ಒಳಗಿರಬೇಕಾ, ಹೊರಗಾ? ಪ್ಯಾಸ್ಕಲ್‌ನಿಂದ ಗೋ, ರಸ್ಟ್ ತನಕ

ಗೋ_ಹೊಸಬ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಪೈಥಾನ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಈಗ ಆಫೀಸಿನಲ್ಲಿ ಗೋ ಕಲಿಯಲು ಹೇಳಿದ್ದಾರೆ. 3 ಇಂಟ್‌ಗಳ (ಪೂರ್ಣಾಂಕಗಳ) ಅರೇ, ಅಂದರೆ ಒಂದೇ ಬಗೆಯ ಬೆಲೆಗಳ ಸಾಲು, ತೆಗೆದುಕೊಳ್ಳುವ ಫಂಕ್ಷನ್‌ಗೆ 4 ಇಂಟ್‌ಗಳ ಅರೇ ಕೊಟ್ಟರೆ ಕಂಪೈಲರ್ ಒಪ್ಪುವುದಿಲ್ಲ. ಎರಡೂ ಬೇರೆ ಬೇರೆ ಟೈಪ್ ಅನ್ನುತ್ತದೆ. ಸೀನಿಯರ್ ಒಬ್ಬರು ಸ್ಲೈಸ್ (ಉದ್ದ ಟೈಪ್‌ನ ಭಾಗವಲ್ಲದ ಪಟ್ಟಿ) ಬಳಸು ಅಂದರು. ಬಳಸಿದೆ, ಕೆಲಸ ಆಯ್ತು. ಆದರೆ ಯಾಕೆ ಹೀಗೆ ಅಂತ ತಿಳಿಯಲಿಲ್ಲ. ಅಂಕಿಗಳನ್ನು ಕೂಡುವ ಫಂಕ್ಷನ್‌ಗೆ ಅಂಕಿ ಎಷ್ಟಿದ್ದರೇನು? ಅಳತೆಯನ್ನು ಟೈಪ್‌ನೊಳಗೆ ಸೇರಿಸಿದ್ದು ಯಾರು, ಯಾತಕ್ಕೆ?

ಹಳೇ_ಕಂಪೈಲರ್

ಇದು ಗೋ ಶುರು ಮಾಡಿದ ಜಗಳ ಅಲ್ಲ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿದ್ದ ನಿಕ್ಲಾಸ್ ವಿರ್ತ್ 1970ರಲ್ಲಿ ಪ್ಯಾಸ್ಕಲ್ ಭಾಷೆ ಹೊರತಂದಾಗಿನಿಂದ ನಡೆಯುತ್ತಿದೆ.

ಅದಕ್ಕೂ ಮುಂಚೆ ಆಲ್ಗಾಲ್ 60 ಅನ್ನುವ ಭಾಷೆ ಇತ್ತು. ಅದರಲ್ಲಿ ಪ್ರೊಸೀಜರ್‌ಗೆ (ಫಂಕ್ಷನ್ ತರಹದ ಕೋಡ್ ತುಂಡಿಗೆ) ಬರುವ ಅರೇಯ ಅಳತೆ ಬರೆಯುವ ಹಾಗೇ ಇರಲಿಲ್ಲ. ಯಾವ ಅಳತೆಯದ್ದು ಬಂದರೂ ಸರಿ. ವಿರ್ತ್ ಆ ಪರಂಪರೆಯವರೇ, ಆದರೂ ಪ್ಯಾಸ್ಕಲ್‌ನಲ್ಲಿ ಬೇಕೆಂದೇ ಬೇರೆ ದಾರಿ ಹಿಡಿದರು. ಅರೇಯ ಎರಡು ತುದಿಗಳೂ ಟೈಪ್‌ನ ಭಾಗವಾದವು. 1ರಿಂದ 10ರ ಅರೇ ಒಂದು ಟೈಪ್, 1ರಿಂದ 11ರದ್ದು ಇನ್ನೊಂದು. ಇದರಿಂದ ಸಿಕ್ಕ ಲಾಭ ಸಣ್ಣದಲ್ಲ. ಪ್ರತಿಯೊಂದು ಅರೇಗೂ ಎಷ್ಟು ಜಾಗ ಬೇಕು ಅಂತ ಕಂಪೈಲ್ ಮಾಡುವಾಗಲೇ ಗೊತ್ತು. ಇಂಡೆಕ್ಸ್ (ಅರೇಯ ಯಾವ ಮನೆ ಅನ್ನುವ ಗುರುತು) ಗಡಿ ದಾಟುತ್ತಾ ಇಲ್ವಾ ಅಂತ ನೋಡುವುದು ಸುಲಭ. ಕಂಪೈಲರ್ ಚಿಕ್ಕದಾಗಿ, ವೇಗವಾಗಿ ಇರುತ್ತದೆ. ಒಂದೇ ಓಟದಲ್ಲಿ ಇಡೀ ಪ್ರೋಗ್ರಾಂ ಓದಿ ಮುಗಿಸುವ ಕಂಪೈಲರ್ ಬೇಕು ಅನ್ನುವವರಿಗೆ ಇದು ದೊಡ್ಡ ವಿಷಯ.

ತೊಂದರೆ ಬಂದದ್ದು ನೀವು ಹೇಳಿದ ಜಾಗದಲ್ಲೇ. ಕ್ರಮವಾಗಿ ಜೋಡಿಸುವ ಒಂದು ಸಾರ್ಟ್ ಪ್ರೊಸೀಜರ್ ಬರೆದು ಎಲ್ಲ ಅರೇಗಳಿಗೂ ಬಳಸುವ ಹಾಗಿಲ್ಲ. 50ರ ಅರೇಗೆ ಒಂದು, 200ರದ್ದಕ್ಕೆ ಇನ್ನೊಂದು ಬರೆಯಬೇಕು. ಇಲ್ಲವಾದರೆ ಎಲ್ಲವನ್ನೂ ಎಲ್ಲಕ್ಕಿಂತ ದೊಡ್ಡ ಅಳತೆಗೇ ಡಿಕ್ಲೇರ್ ಮಾಡಿ, ಎಷ್ಟು ತುಂಬಿದೆ ಅಂತ ಬೇರೆ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಬೇಕು. ಸ್ಟ್ರಿಂಗ್‌ಗಳ (ಅಕ್ಷರಗಳ ಸಾಲುಗಳ) ಪಾಡು ಇನ್ನೂ ಕಷ್ಟ. 5 ಅಕ್ಷರದ ಸ್ಟ್ರಿಂಗ್ ಒಂದು ಟೈಪ್, 6 ಅಕ್ಷರದ್ದು ಬೇರೆ ಟೈಪ್. ತಪ್ಪಿನ ಸಂದೇಶ ತೋರಿಸುವ ಒಂದು ಪ್ರೊಸೀಜರ್ ಬರೆದರೆ, ಎಲ್ಲ ಸಂದೇಶಗಳಿಗೂ ಖಾಲಿ ಜಾಗ ತುಂಬಿ ಒಂದೇ ಉದ್ದ ಮಾಡಿ ಕಳಿಸಬೇಕು!

1981ರಲ್ಲಿ ಬೆಲ್ ಲ್ಯಾಬ್ಸ್‌ನ ಬ್ರಯಾನ್ ಕರ್ನಿಹನ್ ಪ್ಯಾಸ್ಕಲ್ ತಮಗೆ ಯಾಕೆ ಹಿಡಿಸಲಿಲ್ಲ ಅಂತ ಒಂದು ಲೇಖನ ಬರೆದರು. ಪ್ಲೌಗರ್ ಜೊತೆ ಸೇರಿ ದೊಡ್ಡ ಪ್ರೋಗ್ರಾಂಗಳನ್ನು ಪ್ಯಾಸ್ಕಲ್‌ಗೆ ತಂದ ಅನುಭವದ ಮೇಲೆ ಬರೆದದ್ದು ಅದು. ಅಳತೆ ಟೈಪ್‌ನೊಳಗೆ ಇರುವುದೇ ಆ ಭಾಷೆಯ ಎಲ್ಲಕ್ಕಿಂತ ದೊಡ್ಡ ತೊಂದರೆ ಅಂತ ಅವರು ನೇರವಾಗಿ ಹೇಳಿದ್ದಾರೆ.

ನನ್ನ ಮಾತು ಇಷ್ಟು. ಅಳತೆಯನ್ನು ಟೈಪ್‌ನಲ್ಲಿ ಹೇಳುವುದು ತಪ್ಪಲ್ಲ. "ಇಲ್ಲಿ ಯಾವ ಅಳತೆಯಾದರೂ ನಡೆಯುತ್ತದೆ" ಅಂತ ಹೇಳಲು ಪ್ಯಾಸ್ಕಲ್‌ನಲ್ಲಿ ದಾರಿ ಇರಲಿಲ್ಲ, ಅದೇ ಕೊರತೆ. ಆ ದಾರಿ ಆಮೇಲೆ ಬಂತು, ಬಹಳ ಚೆನ್ನಾಗಿಯೇ ಬಂತು. ಆದರೆ ಬಳಸಿದವರು ಕಡಿಮೆ.

ಬೋರ್ಡ್_ಮಟ್ಟ

ನಾನು ಮೈಕ್ರೋಕಂಟ್ರೋಲರ್‌ಗೆ ಸಿ ಬರೆಯುವವನು. ಸಿಯಲ್ಲಿ ಈ ರಗಳೆಯೇ ಇಲ್ಲ ಅಲ್ವಾ? ಪಾಯಿಂಟರ್ (ಅರೇಯ ವಿಳಾಸ) ಕಳಿಸಿ, ಪಕ್ಕದಲ್ಲಿ ಉದ್ದ ಕಳಿಸಿ, ಮುಗಿಯಿತು. 10 ಇರಲಿ 1000 ಇರಲಿ, ಒಂದೇ ಫಂಕ್ಷನ್. ಇಷ್ಟು ಸರಳ ದಾರಿ ಇರುವಾಗ ಟೈಪ್ ಸಿಸ್ಟಮ್‌ಗೆ ಇನ್ನೊಂದು ನಿಯಮ ಯಾಕೆ ಬೇಕು, ಸರ್?

ಹಳೇ_ಕಂಪೈಲರ್

ಬೇಕು. ನಿಮ್ಮ ದಾರಿಯಲ್ಲಿ ಉದ್ದ ಸರಿಯಾಗಿದೆ ಅಂತ ನೋಡುವವರು ಯಾರೂ ಇಲ್ಲ. ಅರೇ ಒಂದು ಕಡೆ ಇದೆ, ಉದ್ದ ಇನ್ನೊಂದು ಕಡೆ ಇದೆ, ಇವೆರಡೂ ಒಂದಕ್ಕೊಂದು ಸೇರಿದವು ಅನ್ನುವುದು ಬರೆದವರ ತಲೆಯಲ್ಲಿ ಮಾತ್ರ ಇದೆ. 1988ರ ನವೆಂಬರ್‌ನಲ್ಲಿ ಮಾರಿಸ್ ವರ್ಮ್ ಅನ್ನುವ, ತಾನೇ ಹರಡುವ ಪ್ರೋಗ್ರಾಂ ಇಂಟರ್ನೆಟ್‌ನಲ್ಲಿ ಹರಡಿತಲ್ಲ, ಅದರ ಒಂದು ದಾರಿ ಇದೇ. ಬಳಕೆದಾರರ ಮಾಹಿತಿ ಕೊಡುವ ಫಿಂಗರ್ ಸರ್ವರ್‌ನಲ್ಲಿ 512 ಬೈಟ್‌ನ ಬಫರ್ (ಬಂದದ್ದನ್ನು ಇಟ್ಟುಕೊಳ್ಳುವ ಜಾಗ) ಇತ್ತು. ಅದನ್ನು ಒಂದು ಸಾಲು ಓದಿ ತುಂಬುವ ಗೆಟ್ಸ್ ಫಂಕ್ಷನ್‌ಗೆ ಕೊಟ್ಟಿದ್ದರು. ಗೆಟ್ಸ್‌ಗೆ ಬಫರ್ ಎಲ್ಲಿ ಶುರುವಾಗುತ್ತದೆ ಅಂತ ಗೊತ್ತು, ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿಲ್ಲ. ಅಷ್ಟು ಸಾಕಾಯಿತು. ಆ ಫಂಕ್ಷನ್ನನ್ನು ಸಿ ಸ್ಟ್ಯಾಂಡರ್ಡ್‌ನಿಂದ ತೆಗೆದು ಹಾಕಲು 2011ರ ತನಕ ಕಾಯಬೇಕಾಯಿತು.

ಈಗ ಪ್ಯಾಸ್ಕಲ್ ಕೊಟ್ಟ ಪರಿಹಾರ ನೋಡಿ. ಹೆಸರು ಕನ್ಫಾರ್ಮೆಂಟ್ ಅರೇ ಪ್ಯಾರಾಮೀಟರ್. ಬಳಸುವ ರೀತಿ ಹೀಗೆ:

ಪ್ರೊಸೀಜರ್ ಕೂಡು(ವಾರ್ ಪಟ್ಟಿ: ಅರೇ [ಕೆಳ..ಮೇಲೆ: ಇಂಟಿಜರ್] ಆಫ್ ರಿಯಲ್; ವಾರ್ ಒಟ್ಟು: ರಿಯಲ್);
ವಾರ್ ಕ: ಇಂಟಿಜರ್;
ಬಿಗಿನ್
  ಒಟ್ಟು := 0;
  ಫಾರ್ ಕ := ಕೆಳ ಟು ಮೇಲೆ ಡು ಒಟ್ಟು := ಒಟ್ಟು + ಪಟ್ಟಿ[ಕ]
ಎಂಡ್;

ಕರೆಯುವವರು ಕೂಡು(ಮಳೆ, ಮೊತ್ತ) ಅಂತಷ್ಟೇ ಬರೆಯುತ್ತಾರೆ. ಉದ್ದ ಕಳಿಸುವುದಿಲ್ಲ. ಮಳೆ ಅನ್ನುವುದು 1ರಿಂದ 12ರ ಅರೇ ಆಗಿದ್ದರೆ ಒಳಗೆ ಕೆಳ ಅಂದರೆ 1, ಮೇಲೆ ಅಂದರೆ 12. ನಾಳೆ 1901ರಿಂದ 2000ದ ಅರೇ ಕೊಟ್ಟರೆ ಕೆಳ 1901, ಮೇಲೆ 2000. ಈ ಎರಡು ಹೆಸರುಗಳು ವೇರಿಯಬಲ್ ಅಲ್ಲ, ಕಾನ್‌ಸ್ಟಂಟ್ ಕೂಡ ಅಲ್ಲ. ಅವಕ್ಕೆ ಹೊಸ ಬೆಲೆ ಕೊಡಲು ಹೋದರೆ ಕಂಪೈಲರ್ ತಡೆಯುತ್ತದೆ. ಹಾಗಾಗಿ ಉದ್ದ ಯಾವತ್ತೂ ಅರೇಯಿಂದ ಬೇರೆ ಆಗುವುದೇ ಇಲ್ಲ. ನನಗೆ ತುಂಬಾ ಹಿಡಿಸುವುದು ಇದೇ.

ಇನ್ನೊಂದು ಸೂಕ್ಷ್ಮ ಇದೆ. ಇಂಟಿಜರ್ ಬದಲು [ಕೆಳ..ಮೇಲೆ: 1..100] ಅಂತ ಬರೆದರೆ, ತುದಿಗಳು 1ರಿಂದ 100ರ ಒಳಗೇ ಇರುವ ಅರೇಗಳನ್ನು ಮಾತ್ರ ಒಪ್ಪಿಕೊಳ್ಳುತ್ತದೆ. 0ಯಿಂದ 50ರದ್ದನ್ನು ಕೊಟ್ಟರೆ ತಪ್ಪು. ಅಂದರೆ ಯಾವ ಅಳತೆಯಾದರೂ ಸರಿ ಅನ್ನುವುದಕ್ಕೂ ಒಂದು ಮಿತಿ ಹಾಕಬಹುದು. ಇಂಡೆಕ್ಸ್ ಅಂಕಿಯೇ ಆಗಬೇಕು ಅಂತಲೂ ಇಲ್ಲ. ವಾರದ ದಿನಗಳ ಪಟ್ಟಿಯನ್ನು ಟೈಪ್ ಮಾಡಿಕೊಂಡು ಅದನ್ನೇ ಇಂಡೆಕ್ಸ್ ಆಗಿ ಇಡಬಹುದು. ಆಗ ಸೋಮವಾರ ಪ್ರೊಸೀಜರ್ ಒಳಗೂ ಸೋಮವಾರವೇ.

ಯಂತ್ರದ ಮಟ್ಟದಲ್ಲಿ ಇದು ಭಾರ ಏನೂ ಅಲ್ಲ. ವಿದ್ಯಾರ್ಥಿಗಳ ಅಂಕಗಳ ಅರೇ ಒಂದಿದೆ ಅಂದುಕೊಳ್ಳಿ. 40 ಸಾಲು, 6 ಕಾಲಂ, ಎಲ್ಲ 8 ಬೈಟ್‌ನ ರಿಯಲ್. ಒಂದು ಸಾಲಿಗೆ 48 ಬೈಟ್. 3ನೇ ಸಾಲಿನ 2ನೇ ಅಂಕ ಬೇಕಾದರೆ ಶುರುವಿನ ವಿಳಾಸಕ್ಕೆ 2 ಸಲ 48, ಒಂದು ಸಲ 8 ಕೂಡಿಸಿ, ಅಂದರೆ 104 ಬೈಟ್ ಮುಂದೆ. ಅಳತೆ ಗೊತ್ತಿರುವ ಅರೇಯಲ್ಲಿ ಈ 48 ಕಂಪೈಲ್ ಮಾಡುವಾಗಲೇ ಕೋಡ್ ಒಳಗೆ ಕೂತಿರುತ್ತದೆ. ಕನ್ಫಾರ್ಮೆಂಟ್ ಅರೇಯಲ್ಲಿ ಅದು ವಿಳಾಸದ ಜೊತೆ ಬರುತ್ತದೆ, ತುದಿಗಳೂ ಜೊತೆಗೇ ಬರುತ್ತವೆ. ಈ ಪುಟ್ಟ ಕಟ್ಟಿಗೆ ಕಂಪೈಲರ್ ಬರೆಯುವವರು ಡೋಪ್ ವೆಕ್ಟರ್ ಅನ್ನುತ್ತಾರೆ. ಅದನ್ನು ಕಟ್ಟುವುದು ಕಂಪೈಲರ್ ಕೆಲಸ, ನಮ್ಮದಲ್ಲ.

ಮ್ಯಾಟ್ರಿಕ್ಸ್_ಮನೆ

ಎರಡು ಆಯಾಮದ ಮಾತು ಬಂದದ್ದು ಒಳ್ಳೆಯದಾಯಿತು. ಸಾಮಾನ್ಯವಾಗಿ ಈ ಚರ್ಚೆ ಸ್ಟ್ರಿಂಗ್ ಮತ್ತು ಸಾರ್ಟ್‌ನಲ್ಲೇ ಮುಗಿದು ಹೋಗುತ್ತದೆ. ನಿಜವಾದ ನೋವು ಇರುವುದು ಮ್ಯಾಟ್ರಿಕ್ಸ್‌ನಲ್ಲಿ. ನಾನು ಫೋರ್ಟ್ರಾನ್ ಕೋಡ್ ಜೊತೆಗೇ ಬದುಕುವವಳು, ಅಲ್ಲಿನ ಕಥೆ ಹೇಳುತ್ತೇನೆ.

ಫೋರ್ಟ್ರಾನ್ 66ರಲ್ಲೇ ಸಬ್‌ರುಟೀನ್‌ಗೆ ಅರೇಯ ಜೊತೆ ಅಳತೆಗಳನ್ನೂ ಪ್ಯಾರಾಮೀಟರ್ ಆಗಿ ಕಳಿಸಿ, ಒಳಗೆ ಆ ಅಳತೆಯಿಂದಲೇ ಅರೇ ಡಿಕ್ಲೇರ್ ಮಾಡಬಹುದಿತ್ತು. ಪ್ಯಾಸ್ಕಲ್‌ಗಿಂತ ಮುಂಚೆಯೇ! ವಿಜ್ಞಾನಿಗಳು ಪ್ಯಾಸ್ಕಲ್ ಕಡೆ ತಿರುಗಿಯೂ ನೋಡದೇ ಇರಲು ಇದೂ ಒಂದು ಕಾರಣ ಅಂತ ನಾನು ನಂಬುತ್ತೇನೆ. ಆದರೆ ಅಲ್ಲಿಯೂ ಅಳತೆ ಕಳಿಸುವ ಹೊಣೆ ನಮ್ಮದೇ ಆಗಿತ್ತು.

ಏನಾಗುತ್ತದೆ ನೋಡಿ. ಮುಖ್ಯ ಪ್ರೋಗ್ರಾಂನಲ್ಲಿ 100 ಸಾಲು, 100 ಕಾಲಂನ ಅರೇ ಇದೆ. ಅದರಲ್ಲಿ ತುಂಬಿರುವುದು 40 ಸಾಲು, 6 ಕಾಲಂ ಮಾತ್ರ. ಫೋರ್ಟ್ರಾನ್ ಕಾಲಂಗಳನ್ನು ಒಂದರ ಹಿಂದೆ ಒಂದರಂತೆ ಇಡುತ್ತದೆ. ಹಾಗಾಗಿ ಎರಡನೇ ಕಾಲಂನ ಮೊದಲ ಅಂಕಿ ಇರುವುದು ಶುರುವಿನಿಂದ 100 ಮನೆ ದಾಟಿದ ಮೇಲೆ. ಹೊಸಬರು ಸಬ್‌ರುಟೀನ್‌ಗೆ ಅಳತೆ 40 ಅಂತ ಕಳಿಸುತ್ತಾರೆ. ತುಂಬಿರುವುದು 40 ತಾನೇ? ಸಬ್‌ರುಟೀನ್ 40 ಮನೆ ದಾಟಿ ಓದುತ್ತದೆ. ಅಲ್ಲಿರುವುದು ಮೊದಲ ಕಾಲಂನ 41ನೇ ಸಾಲು, ಯಾರೂ ಏನೂ ತುಂಬದ ಜಾಗ. ಪ್ರೋಗ್ರಾಂ ನಿಲ್ಲುವುದಿಲ್ಲ, ತಪ್ಪು ಅಂತಲೂ ಹೇಳುವುದಿಲ್ಲ. ಉತ್ತರ ಮಾತ್ರ ಸುಳ್ಳು.

ಅದಕ್ಕೇ ಬ್ಲಾಸ್, ಲಾಪ್ಯಾಕ್ ಅನ್ನುವ ಮ್ಯಾಟ್ರಿಕ್ಸ್ ಲೆಕ್ಕದ ಲೈಬ್ರರಿಗಳ ಪ್ರತಿ ಮ್ಯಾಟ್ರಿಕ್ಸ್ ಪಕ್ಕ ಎಲ್‌ಡಿಎ ಅಂತ ಒಂದು ಪ್ಯಾರಾಮೀಟರ್ ಇರುತ್ತದೆ. ಲೀಡಿಂಗ್ ಡೈಮೆನ್ಷನ್. ತುಂಬಿದ ಸಾಲು ಎಷ್ಟು ಅನ್ನುವುದು ಬೇರೆ, ಒಂದು ಕಾಲಂನಿಂದ ಇನ್ನೊಂದಕ್ಕೆ ಎಷ್ಟು ದೂರ ಅನ್ನುವುದು ಬೇರೆ.

ಫೋರ್ಟ್ರಾನ್ 90 ಇದನ್ನು ಸರಿ ಮಾಡಿತು. ಅಳತೆ ಇರಬೇಕಾದ ಕಡೆ ಸುಮ್ನೆ ಒಂದೊಂದು ಕೋಲನ್ ಹಾಕಿದರೆ ಸಾಕು. ಆಕಾರವನ್ನೂ ದೂರವನ್ನೂ ಕಂಪೈಲರ್ ತಾನೇ ಕಳಿಸುತ್ತದೆ. ದೊಡ್ಡ ಮ್ಯಾಟ್ರಿಕ್ಸ್‌ನ ಒಂದು ತುಂಡನ್ನು ಕೂಡ ಹಾಗೇ ಕೊಡಬಹುದು. ಷರತ್ತು ಒಂದೇ: ಕರೆಯುವ ಜಾಗದಲ್ಲಿ ಸಬ್‌ರುಟೀನ್‌ನ ಪೂರ್ತಿ ಇಂಟರ್‌ಫೇಸ್ ಕಾಣಿಸುತ್ತಿರಬೇಕು. ಇಲ್ಲದಿದ್ದರೆ ಬರೀ ವಿಳಾಸ ಹೋಗಬೇಕಾ, ಪೂರ್ತಿ ಕಟ್ಟು ಹೋಗಬೇಕಾ ಅಂತ ಕಂಪೈಲರ್‌ಗೆ ತಿಳಿಯುವುದು ಹೇಗೆ?

ಹಳೇ_ಕಂಪೈಲರ್ ಸರ್, ಒಂದು ಪ್ರಶ್ನೆ. ಪ್ಯಾಸ್ಕಲ್‌ನ ಆ ದಾರಿ ಅಷ್ಟು ಚೆನ್ನಾಗಿದ್ದರೆ ಜನ ಯಾಕೆ ಬಳಸಲಿಲ್ಲ?

ಹಳೇ_ಕಂಪೈಲರ್

ಸ್ಟ್ಯಾಂಡರ್ಡ್ ಎರಡಾಗಿ ಒಡೆಯಿತು, ಮೇಡಂ. ಪ್ಯಾಸ್ಕಲ್‌ಗೆ ಐಎಸ್‌ಒ (ಅಂತರರಾಷ್ಟ್ರೀಯ) ಸ್ಟ್ಯಾಂಡರ್ಡ್ ತರುವ ಕೆಲಸಕ್ಕೆ ಬ್ರಿಟನ್‌ನವರು ಮುಂದಾಗಿದ್ದರು. ಕನ್ಫಾರ್ಮೆಂಟ್ ಅರೇ ಇರಲೇಬೇಕು ಅನ್ನುವವರ ಜೊತೆ ಅಮೆರಿಕದವರು ಒಪ್ಪಲಿಲ್ಲ. ಕೊನೆಗೆ 1983ರ ಐಎಸ್‌ಒ 7185ರಲ್ಲಿ ಎರಡು ಮಟ್ಟ ಮಾಡಿದರು. 0 ಮಟ್ಟದಲ್ಲಿ ಕನ್ಫಾರ್ಮೆಂಟ್ ಅರೇ ಇಲ್ಲ, 1 ಮಟ್ಟದಲ್ಲಿ ಇದೆ. ಎರಡರ ನಡುವೆ ಇರುವ ವ್ಯತ್ಯಾಸ ಇದೊಂದೇ. ಅದೇ ವರ್ಷದ ಅಮೆರಿಕದ ಸ್ಟ್ಯಾಂಡರ್ಡ್ ಇದನ್ನು ಬಿಟ್ಟೇಬಿಟ್ಟಿತು.

ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ ಅನ್ನುವ ಸೌಲಭ್ಯವನ್ನು ನಂಬಿ ಯಾರು ಲೈಬ್ರರಿ ಬರೆಯುತ್ತಾರೆ? ಒಂದು ಕಂಪೈಲರ್‌ನಲ್ಲಿ ಓಡುವ ಕೋಡ್ ಇನ್ನೊಂದರಲ್ಲಿ ಓಡುವುದಿಲ್ಲ. ಮೇಲಾಗಿ ಅದೇ 1983ರಲ್ಲಿ ಬೋರ್ಲ್ಯಾಂಡ್ ಕಂಪನಿ ಟರ್ಬೊ ಪ್ಯಾಸ್ಕಲ್ ಅನ್ನುವ ಕಂಪೈಲರ್ ಬಿಟ್ಟಿತು. ಕಡಿಮೆ ಬೆಲೆ, ಮಿಂಚಿನ ವೇಗ. ಪರ್ಸನಲ್ ಕಂಪ್ಯೂಟರ್‌ನಲ್ಲಿ ಪ್ಯಾಸ್ಕಲ್ ಅಂದರೆ ಅದೇ ಅನ್ನುವಂತಾಯಿತು. ಅದರಲ್ಲಿ ಕನ್ಫಾರ್ಮೆಂಟ್ ಅರೇ ಇರಲಿಲ್ಲ.

1990ರಲ್ಲಿ ಎಕ್ಸ್‌ಟೆಂಡೆಡ್ ಪ್ಯಾಸ್ಕಲ್, ಅಂದರೆ ಐಎಸ್‌ಒ 10206 ಬಂತು. ಅದರ ಸ್ಕೀಮಾ ಟೈಪ್‌ಗಳು ಇನ್ನೂ ಮುಂದೆ ಹೋಗುತ್ತವೆ. ಟೈಪ್‌ಗೇ ಪ್ಯಾರಾಮೀಟರ್ ಕೊಡಬಹುದು. ಅಷ್ಟು ಹೊತ್ತಿಗೆ ಜನ ಬೇರೆ ಕಡೆ ಹೋಗಿದ್ದರು. ನೋಡಬೇಕು ಅನ್ನಿಸಿದವರಿಗೆ ಗ್ನೂ ಪ್ಯಾಸ್ಕಲ್ ಕಂಪೈಲರ್‌ನಲ್ಲಿ ಕನ್ಫಾರ್ಮೆಂಟ್ ಅರೇ, ಸ್ಕೀಮಾ ಎರಡೂ ಇವೆ.

ಡೆಲ್ಫಿ_ಇನ್ನೂ_ಇದೆ

ಟರ್ಬೊ ಪ್ಯಾಸ್ಕಲ್‌ನಲ್ಲಿ ನಾವು ಹೇಗೆ ಕೆಲಸ ಮಾಡುತ್ತಿದ್ದೆವು ಅಂತ ಹೇಳುತ್ತೇನೆ. ಪ್ಯಾರಾಮೀಟರ್‌ಗೆ ಟೈಪೇ ಕೊಡದೆ ಬರೀ ವಾರ್ ಅಂತ ಬರೆಯಬಹುದಿತ್ತು. ಏನನ್ನು ಬೇಕಾದರೂ ಕಳಿಸಬಹುದು. ಒಳಗೆ ಆಬ್ಸಲ್ಯೂಟ್ ಅನ್ನುವ ಪದ ಬಳಸಿ, ಅದೇ ವಿಳಾಸದ ಮೇಲೆ ಒಂದು ದೊಡ್ಡ ಅರೇ ಇದೆ ಅಂತ ಕಂಪೈಲರ್‌ಗೆ ನಂಬಿಸುವುದು. ಉದ್ದ ಬೇರೆ ಪ್ಯಾರಾಮೀಟರ್‌ನಲ್ಲಿ. ಅಂದರೆ ಪ್ಯಾಸ್ಕಲ್ ಬಟ್ಟೆ ಹಾಕಿದ ಸಿ! ರೇಂಜ್ ಚೆಕ್ (ಇಂಡೆಕ್ಸ್ ಗಡಿಯ ತಪಾಸಣೆ) ಆನ್ ಮಾಡಿದರೂ ಆ ಸುಳ್ಳು ಅಳತೆಯನ್ನೇ ನೋಡುತ್ತಿತ್ತು. ಅಷ್ಟು ಕಟ್ಟುನಿಟ್ಟಿನ ಭಾಷೆಯಲ್ಲಿ ಒಂದು ಬಾಗಿಲು ಮುಚ್ಚಿದ್ದಕ್ಕೆ ಜನ ಇಡೀ ಗೋಡೆಯನ್ನೇ ಒಡೆದರು.

1992ರ ಟರ್ಬೊ ಪ್ಯಾಸ್ಕಲ್ 7ರಲ್ಲಿ ಓಪನ್ ಅರೇ ಬಂತು. ಇದರ ಮೂಲ ವಿರ್ತ್ ಅವರದ್ದೇ ಮಾಡ್ಯುಲಾ-2. ಅರೇ ಆಫ್ ರಿಯಲ್ ಅಂತ ತುದಿಗಳಿಲ್ಲದೆ ಬರೆಯುವುದು, ಒಳಗೆ ಹೈ ಅಂತ ಕೇಳಿದರೆ ಕೊನೆಯ ಇಂಡೆಕ್ಸ್ ಸಿಗುತ್ತದೆ. ಟರ್ಬೊ ಪ್ಯಾಸ್ಕಲ್‌ನ ಮುಂದಿನ ಪೀಳಿಗೆಯಾದ ಡೆಲ್ಫಿಯಲ್ಲಿ ಇವತ್ತಿಗೂ ದಿನಾ ಬಳಸುತ್ತೇನೆ. ಕರೆಯುವಾಗ ಚೌಕ ಬ್ರಾಕೆಟ್ ಒಳಗೆ ನಾಲ್ಕು ಅಂಕಿ ಬರೆದು ನೇರವಾಗಿ ಕೊಡಬಹುದು, ತುಂಬಾ ಅನುಕೂಲ.

ಒಂದು ಎಚ್ಚರಿಕೆ. ಒಳಗೆ ಲೆಕ್ಕ ಯಾವಾಗಲೂ 0ಯಿಂದ. -5ರಿಂದ 5ರ ತನಕದ ಅರೇ ಕಳಿಸಿ, ಒಳಗೆ ಅದು 0ಯಿಂದ 10. ವಾರದ ದಿನಗಳ ಇಂಡೆಕ್ಸ್ ಕೂಡ ಅಂಕಿಯಾಗಿ ಬಿಡುತ್ತದೆ. ಸರ್ ಹೇಳಿದ ಸೋಮವಾರ ಇಲ್ಲಿ ಬರೀ 0. ಇದು ನಿಜವಾದ ನಷ್ಟ, ಒಪ್ಪುತ್ತೇನೆ.

ಅಡಾ_ಹಾದಿ

ಆ ನಷ್ಟ ಇಲ್ಲದ ಭಾಷೆ ಅಡಾ. 1983ರಿಂದಲೂ ಇದೆ. ತುದಿಗಳನ್ನು ತೆರೆದಿಟ್ಟ ಅರೇ ಟೈಪ್ ಒಂದನ್ನು ಮೊದಲು ಹೇಳಿಕೊಳ್ಳಬೇಕು. ಅದರ ಯಾವ ಅರೇಯನ್ನು ಕಳಿಸಿದರೂ ಫಸ್ಟ್, ಲಾಸ್ಟ್, ರೇಂಜ್ ಅಂತ ಕೇಳಿ ತಿಳಿಯಬಹುದು. ಮೂಲದ ತುದಿಗಳೇ ಸಿಗುತ್ತವೆ. 5ರಿಂದ 10ರ ತುಂಡು ಕಳಿಸಿದರೆ ಫಸ್ಟ್ ಅಂದರೆ 5. ಹಾಗಾಗಿ ಲೂಪನ್ನು 1ರಿಂದ ಶುರು ಮಾಡಬೇಡಿ, ರೇಂಜ್ ಮೇಲೆಯೇ ಓಡಿಸಿ. ಕೋಡ್ ರಿವ್ಯೂ ಮಾಡುವಾಗ ನಾನು ಮೊದಲು ಹುಡುಕುವುದು ಇದನ್ನೇ.

ಬೋರ್ಡ್_ಮಟ್ಟ

ಸಿಯ ಪರವಾಗಿ ಇನ್ನಷ್ಟು ಹೇಳಬೇಕು. ಸಿ ಜನರಿಗೂ ಇದು ಗೊತ್ತಿತ್ತು. 1990ರಲ್ಲಿ ಸಿ ಕಟ್ಟಿದ ಡೆನ್ನಿಸ್ ರಿಚಿ ಅವರೇ, ತಮ್ಮ ಅಳತೆಯನ್ನು ತಾವೇ ಹೊತ್ತು ಓಡಾಡುವ ಪಾಯಿಂಟರ್‌ಗಳ ಪ್ರಸ್ತಾಪ ಮಾಡಿದ್ದರು. ಅದು ಭಾಷೆಯೊಳಗೆ ಬರಲಿಲ್ಲ. ಬದಲಿಗೆ ಸಿಯ 1999ರ ಸ್ಟ್ಯಾಂಡರ್ಡ್ ಆದ ಸಿ99ರಲ್ಲಿ, ಮುಂಚೆ ಬಂದ ಪ್ಯಾರಾಮೀಟರ್‌ಗಳನ್ನೇ ಅಳತೆಯಾಗಿ ಬಳಸುವ ಅರೇ ಬಂತು. ಎನ್, ಎಂ ಕಳಿಸಿ, ಆಮೇಲೆ ಅ[ಎನ್][ಎಂ] ಅಂತ ಬರೆಯುವುದು. ಎರಡು ಆಯಾಮದ ಲೆಕ್ಕ ಕಂಪೈಲರ್ ಮಾಡುತ್ತದೆ. ಎನ್ ಸುಳ್ಳಾದರೆ ಭಾಷೆ ಅದನ್ನು ಹಿಡಿಯುವುದಿಲ್ಲ, ಅದು ನಿಜ.

ಇದರ ಹೆಸರು ಕೆಟ್ಟದ್ದು ಬೇರೆ ಕಾರಣಕ್ಕೆ. ಅದೇ ವಿಎಲ್‌ಎ (ಓಡುವಾಗ ಅಳತೆ ನಿರ್ಧಾರವಾಗುವ ಅರೇ) ಹೆಸರಿನಲ್ಲಿ ಸ್ಟ್ಯಾಕ್ (ಫಂಕ್ಷನ್‌ಗಳ ತಾತ್ಕಾಲಿಕ ಮೆಮೊರಿ) ಮೇಲೆ ಬೇಕಾದಷ್ಟು ದೊಡ್ಡ ಅರೇ ಮಾಡಲೂ ಬಿಟ್ಟರು. ನನ್ನ ಬೋರ್ಡ್‌ಗಳಲ್ಲಿ ಸ್ಟ್ಯಾಕ್ ಅಂದರೆ ಕೆಲವೇ ಕಿಲೋಬೈಟ್, ಅಲ್ಲಿ ಅದು ಅಪಾಯ. ಲಿನಕ್ಸ್ ಕರ್ನಲ್‌ನವರು 2018ರಲ್ಲಿ, 4.20ರ ಹೊತ್ತಿಗೆ ಎಲ್ಲವನ್ನೂ ಕಿತ್ತು ಹಾಕಿದರು. ಸಿ11 ಇಡೀ ಸೌಲಭ್ಯವನ್ನೇ ಐಚ್ಛಿಕ ಮಾಡಿತು. ಸಿ23 ಈಗ ಎರಡನ್ನೂ ಬಿಡಿಸಿದೆ. ಪ್ಯಾರಾಮೀಟರ್‌ನಲ್ಲಿ ಇಂಥ ಟೈಪ್ ಇರಲೇಬೇಕು, ಸ್ಟ್ಯಾಕ್ ಮೇಲಿನದ್ದು ಮಾತ್ರ ಐಚ್ಛಿಕ. ಇದು ಸರಿಯಾದ ತೀರ್ಮಾನ.

ಹೊಸಬರಿಗೆ ಒಂದು ಮಾತು. ಫಂಕ್ಷನ್ ಒಳಗೆ ಇಂಟ್ ಅರೇ ಪ್ಯಾರಾಮೀಟರ್‌ಗೆ ಸೈಜ್‌ಆಫ್ (ಎಷ್ಟು ಬೈಟ್ ಅಂತ ಹೇಳುವುದು) ಹಾಕಿ, ಒಂದು ಇಂಟ್‌ನ ಸೈಜ್‌ಆಫ್‌ನಿಂದ ಭಾಗಿಸಿದರೆ 64 ಬಿಟ್ ಕಂಪ್ಯೂಟರ್‌ನಲ್ಲಿ 2 ಬರುತ್ತದೆ. ಅರೇಯಲ್ಲಿ 1000 ಇದ್ದರೂ 2. ಒಳಗೆ ಬಂದಿರುವುದು 8 ಬೈಟ್‌ನ ಪಾಯಿಂಟರ್, ಅದಕ್ಕೆ.

ತುಕ್ಕು_ಹಿಡಿದವನು

ಪ್ಯಾಸ್ಕಲ್‌ನ ಜಗಳ ಹಳೇದು ಅಂದಿರಿ. ರಸ್ಟ್‌ನಲ್ಲಿ ಇತ್ತೀಚಿನ ತನಕ ಇತ್ತು! ಅಲ್ಲಿಯೂ ಅರೇಯ ಉದ್ದ ಟೈಪ್‌ನ ಭಾಗ. ಯಾವ ಉದ್ದವಾದರೂ ಸರಿ ಅಂತ ಹೇಳುವ ದಾರಿ ಇಲ್ಲದ ಕಾಲದಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿಯವರು ಹೋಲಿಕೆ, ಪ್ರಿಂಟ್ ಮುಂತಾದ ಸೌಲಭ್ಯಗಳನ್ನು 0ಯಿಂದ 32ರ ಉದ್ದದ ಅರೇಗಳಿಗೆ ಒಂದೊಂದಾಗಿ ಮ್ಯಾಕ್ರೋ (ಕೋಡ್ ಹುಟ್ಟಿಸುವ ಅಚ್ಚು) ಹಾಕಿ ಬರೆದಿದ್ದರು. 33ರ ಅರೇ ಪ್ರಿಂಟ್ ಆಗುತ್ತಿರಲಿಲ್ಲ. ಕರ್ನಿಹನ್ ಅವರ ದೂರು, ಅಕ್ಷರ ಅಕ್ಷರವೂ. ಕಾನ್‌ಸ್ಟ್ ಜೆನೆರಿಕ್ಸ್ 2021ರಲ್ಲಿ 1.51 ಜೊತೆ ಎಲ್ಲರ ಕೈಗೆ ಬಂತು. ಈಗ ಉದ್ದವನ್ನೇ ಎನ್ ಅಂತ ಬಿಟ್ಟು ಒಂದೇ ಸಲ ಬರೆಯಬಹುದು. ಉದ್ದ ಓಡುವಾಗ ಮಾತ್ರ ಗೊತ್ತಾಗುವುದಾದರೆ ಸ್ಲೈಸ್ ಮೊದಲಿನಿಂದಲೂ ಇದೆ.

ಹಳೇ_ಕಂಪೈಲರ್

ಇದು ಬಹಳ ಒಳ್ಳೆ ಉದಾಹರಣೆ. ಈಗ ಮೊದಲ ಪ್ರಶ್ನೆಗೆ ನೇರ ಉತ್ತರ ಕೊಡಬಹುದು.

ಗೋದ ಅರೇಯಲ್ಲಿ ಅಳತೆ ಟೈಪ್‌ನೊಳಗೆ ಇರುವುದಕ್ಕೆ ಅರ್ಥ ಇದೆ. ಎಸ್‌ಎಚ್‌ಎ-256 ಹ್ಯಾಶ್ (ದತ್ತಾಂಶದ ಬೆರಳಚ್ಚಿನಂಥ ಬೆಲೆ) ಲೆಕ್ಕ ಹಾಕುವ ಫಂಕ್ಷನ್ 32 ಬೈಟ್‌ನ ಅರೇ ಕೊಡುತ್ತದೆ. ಆ 32 ಅನ್ನುವುದೇ ಅದರ ಗುರುತು. 31 ಆದರೆ ಅದು ಹ್ಯಾಶೇ ಅಲ್ಲ. ಅದನ್ನು ಕಂಪೈಲರ್ ಹಿಡಿಯುವುದು ಒಳ್ಳೆಯದೇ. ಆ ಅರೇಗಳನ್ನು ನೇರವಾಗಿ ಹೋಲಿಸಬಹುದು, ಮ್ಯಾಪ್‌ನ ಕೀ ಮಾಡಬಹುದು. ಕೂಡುವ ಫಂಕ್ಷನ್‌ಗೆ ಉದ್ದದಲ್ಲಿ ಅರ್ಥ ಏನೂ ಇಲ್ಲ, ಅಲ್ಲಿ ಸ್ಲೈಸ್. ಸ್ಲೈಸ್ ಅಂದರೆ ವಿಳಾಸ, ಉದ್ದ, ಕೆಪಾಸಿಟಿ, 64 ಬಿಟ್‌ನಲ್ಲಿ ಒಟ್ಟು 24 ಬೈಟ್. ನಾನು ಹೇಳಿದ ಡೋಪ್ ವೆಕ್ಟರ್‌ನ ಹತ್ತಿರದ ನೆಂಟ. ಗೋ ಕಟ್ಟಿದ ಮೂವರಲ್ಲಿ ಒಬ್ಬರಾದ ರಾಬರ್ಟ್ ಗ್ರೀಸೆಮರ್ ಇಟಿಎಚ್‌ನಲ್ಲೇ ಡಾಕ್ಟರೇಟ್ ಮಾಡಿದವರು ಅನ್ನುವುದನ್ನೂ ನೆನಪಿಡಿ.

ಗೋ_ಹೊಸಬ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಸ್ಪಷ್ಟ ಆಯ್ತು. ಕೊನೆಯದಾಗಿ ಒಂದು. ಮ್ಯಾಟ್ರಿಕ್ಸ್ ಬೇಕಾದರೆ ಗೋದಲ್ಲಿ ಸ್ಲೈಸ್‌ಗಳ ಸ್ಲೈಸ್ ಮಾಡಿದರೆ ಸಾಕಾ?

ಮ್ಯಾಟ್ರಿಕ್ಸ್_ಮನೆ

ಚಿಕ್ಕದಕ್ಕೆ ಸಾಕು. ಆದರೆ ಪ್ರತಿ ಸಾಲೂ ಮೆಮೊರಿಯಲ್ಲಿ ಬೇರೆ ಬೇರೆ ಕಡೆ ಇರಬಹುದು, ಸಾಲುಗಳ ಉದ್ದ ಒಂದೇ ಇರಬೇಕು ಅಂತಲೂ ಇಲ್ಲ. ಒಂದು ಸಾಲು ಗಿಡ್ಡ ಆದರೆ ಓಡುವಾಗಲೇ ಗೊತ್ತಾಗುವುದು. ಲೆಕ್ಕ ಜಾಸ್ತಿ ಇದ್ದರೆ ಒಂದೇ ಉದ್ದನೆಯ ಸ್ಲೈಸ್ ಇಟ್ಟುಕೊಳ್ಳಿ. ಜೊತೆಗೆ ಸಾಲು, ಕಾಲಂ, ಸ್ಟ್ರೈಡ್ ಮೂರನ್ನೂ ಒಂದು ಸ್ಟ್ರಕ್ಟ್‌ನಲ್ಲಿ (ಹಲವು ಬೆಲೆಗಳ ಕಟ್ಟಿನಲ್ಲಿ) ಕಟ್ಟಿ, ಆ ಸ್ಟ್ರಕ್ಟ್ ಅನ್ನೇ ಕಳಿಸಿ. ಮೂರು ಅಂಕಿಗಳನ್ನು ಬಿಡಿಬಿಡಿಯಾಗಿ ಕಳಿಸಬೇಡಿ. ಗೋದ ಲೆಕ್ಕದ ಲೈಬ್ರರಿ ಗೋನಮ್‌ನಲ್ಲಿ ಬ್ಲಾಸ್64 ಪ್ಯಾಕೇಜ್‌ನ ಜನರಲ್ ಅನ್ನುವ ಸ್ಟ್ರಕ್ಟ್ ಇದೇ. ಬೇಕಾದರೆ ಅದನ್ನೇ ಬಳಸಿ. ಅದರಲ್ಲಿ ಸಾಲುಗಳು ಒಂದರ ಹಿಂದೆ ಒಂದು ಇರುತ್ತವೆ, ಹಾಗಾಗಿ ಅದರ ಸ್ಟ್ರೈಡ್ ಅಂದರೆ ಒಂದು ಸಾಲಿನಿಂದ ಮುಂದಿನ ಸಾಲಿಗೆ ಇರುವ ದೂರ. ತುಂಡು ತೆಗೆದಾಗ ಕಾಲಂಗಳ ಲೆಕ್ಕ ಕಡಿಮೆ ಆಗುತ್ತದೆ, ಸ್ಟ್ರೈಡ್ ಹಾಗೇ ಉಳಿಯುತ್ತದೆ. ಅದನ್ನು ಮಾತ್ರ ಕೈಯಿಂದ ಬದಲಾಯಿಸಬೇಡಿ.